ಮರೆತ ಕೈ, ಮರೆಯದ ನಟ

ಭಸ್ಮಾಸುರನ ಕಥೆ ಯಕ್ಷಗಾನ ನೋಡುವವರಿಗೆಲ್ಲ ಬಾಯಿಪಾಠ. ಯಾರ ತಲೆಯ ಮೇಲೆ ಕೈಯಿಟ್ಟರೂ ಬೂದಿಯಾಗಲೆಂದು ಶಿವನಿಂದ ವರ ಪಡೆದವನು ಮೋಹಿನಿಗೆ ಮರುಳಾಗಿ, ಅವಳು ಕುಣಿದಂತೆ ಕುಣಿಯುತ್ತ, ಕೊನೆಗೆ ತನ್ನ ತಲೆಯ ಮೇಲೇ ಕೈಯಿಟ್ಟುಕೊಳ್ಳುತ್ತಾನೆ. ಇಷ್ಟು ಗೊತ್ತಿದ್ದೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನಿಗಾಗಿ ಜನ ನಿದ್ದೆಗೆಟ್ಟು ಕಾಯುತ್ತಿದ್ದರು. ಈ ಬರಹ ಆ ಒಂದೇ ದೃಶ್ಯದ ಸುತ್ತ.

ಚಿಟ್ಟಾಣಿಯವರು ಯಕ್ಷಗಾನದ ಬಡಗುತಿಟ್ಟು ಶೈಲಿಯ ನುರಿತ ಕುಣಿತಗಾರ. ಭಸ್ಮಾಸುರನಿಗೋ ಮೋಹಿನಿಯ ಕುಣಿತ ಹೊಸದು. ಬಲ್ಲವನು ಬಾರದವನಾಗಿ ಹೆಜ್ಜೆ ಹಾಕಬೇಕು. ಹಾಗೆಂದು ತಾಳ ತಪ್ಪುವಂತಿಲ್ಲ, ಮದ್ದಳೆ, ಚಂಡೆ ಬೆನ್ನಿಗೇ ಇವೆ. ಅವಳ ಹೆಜ್ಜೆಯನ್ನು ಮೊದಲು ಕಣ್ಣು ಹಿಡಿಯಬೇಕು, ಆಮೇಲೆ ಹೆಗಲು, ಕಾಲು ಕೊನೆಗೆ. ಭಾಗವತರು ಅದೇ ಸಾಲನ್ನು ಮತ್ತೆ ಮತ್ತೆ ಎತ್ತಿ ಹಾಡುವಾಗ ಪ್ರತಿ ಸಲವೂ ಅಸುರ ಒಂದಿಷ್ಟು ಮೆತ್ತಗಾಗಬೇಕು. ಎಲ್ಲಕ್ಕಿಂತ ಕಷ್ಟದ್ದು ಆ ಬಲಗೈ. ವರ ಇರುವ ಕೈಯನ್ನು ಅಸುರ ಪೂರ್ತಿ ಮರೆಯಬೇಕು, ನಟ ಒಂದು ಗಳಿಗೆಯೂ ಮರೆಯಬಾರದು.

ನಟನೆಯೆಂದರೆ ಪಾತ್ರದಲ್ಲಿ ಮೈಮರೆಯುವುದು ಎನ್ನುವವರಿಗೆ ಈ ದೃಶ್ಯವೇ ಉತ್ತರ.

1933ರಲ್ಲಿ ಹೊನ್ನಾವರ ತಾಲೂಕಿನಲ್ಲಿ ಹುಟ್ಟಿದ ಚಿಟ್ಟಾಣಿಯವರ ಶಾಲೆಯ ಓದು ಬೇಗನೆ ನಿಂತಿತು. ಹಾಗಾಗಿ ಕಲೆಯ ಬಗ್ಗೆ ಅವರ ಚಿಂತನೆಯನ್ನು ಹುಡುಕಬೇಕಾದದ್ದು ಕೀಚಕ, ದುಷ್ಟಬುದ್ಧಿ, ಕೌರವನಂಥ ವೇಷಗಳಲ್ಲಿ. ಕುಣಿತ ಅತಿಯಾಯಿತು, ಶೃಂಗಾರ ಹೆಚ್ಚಾಯಿತು ಎಂದು ಸಂಪ್ರದಾಯಸ್ಥರು ಆಕ್ಷೇಪಿಸಿದ್ದುಂಟು. ಆ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಅದೇ ತಾಲೂಕಿನ ಇನ್ನೊಬ್ಬ ಯಕ್ಷಗಾನ ನಟ ಕೆರೆಮನೆ ಶಂಭು ಹೆಗಡೆಯವರದು ಅಳತೆ ಮೀರದ ಅಭಿನಯ. ದೆಹಲಿಯಲ್ಲಿ ಮಾಯಾ ರಾವ್ ಅವರಲ್ಲಿ ನೃತ್ಯ ಸಂಯೋಜನೆ ಕಲಿತು ಬಂದವರು ಅವರು. ಆದರೆ ಭಸ್ಮಾಸುರನಂಥ ಪಾತ್ರ ಕೇಳುವುದೇ ಅತಿಯನ್ನು. ಮಿತದಲ್ಲಿ ನಿಂತಿದ್ದರೆ ಅವನು ಸುಡುತ್ತಲೇ ಇರಲಿಲ್ಲ.

2012ರಲ್ಲಿ ಚಿಟ್ಟಾಣಿಯವರಿಗೆ ಪದ್ಮಶ್ರೀ ಬಂತು. ಆಗ ವಯಸ್ಸು ಎಂಬತ್ತರ ಹತ್ತಿರ. ಆಮೇಲೂ ಗೆಜ್ಜೆ ಕಟ್ಟಿದರು, ಚೌಕಿಯಲ್ಲಿ ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಂಡರು. 2017ರ ಅಕ್ಟೋಬರ್ 3ರಂದು ತೀರಿಕೊಂಡಾಗ, ಬಡಗಿನ ಎಷ್ಟೋ ಕಿರಿಯ ವೇಷಧಾರಿಗಳ ಹೆಜ್ಜೆಯಲ್ಲಿ, ಹುಬ್ಬಿನ ಕುಣಿತದಲ್ಲಿ ಅವರದೇ ಗುರುತಿತ್ತು.