ಬಿ.ಡಿ. ಅಂದರೆ ಬೀಡಿಯಲ್ಲ!
(ತಿ. ನರಸೀಪುರದ ರಾಜ್ಯೋತ್ಸವ ಸಭೆಯಲ್ಲಿ ನಂಜನಗೂಡಿನ ಮುದ್ರಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ನಂಜನಗೂಡಿನಲ್ಲಿ ಸಣ್ಣದೊಂದು ಪ್ರೆಸ್ ಇಟ್ಟುಕೊಂಡಿದ್ದೇನೆ. ಓದಿದ್ದು ಪಿಯುಸಿ. ಮದುವೆ ಕಾಗದ, ತಿಥಿ ಕಾರ್ಡು, ಬಿಲ್ ಪುಸ್ತಕ ಅಚ್ಚು ಹಾಕುವುದು ನನ್ನ ಕಸುಬು. ಅಕ್ಷರದಿಂದಲೇ ಅನ್ನ ಉಣ್ಣುವ ನಾನು ಒಂದು ಚೀಟಿ ಓದಲಾಗದೆ ಸೋತೆ. ಆ ಕಥೆ ಹೇಳುತ್ತೇನೆ, ಕೇಳಿ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಗದ್ದೆಯಲ್ಲಿ ಮುಳ್ಳು ಚುಚ್ಚಿ ಕಾಲು ನಂಜಾಯಿತು. ಆಸ್ಪತ್ರೆಯಲ್ಲಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರು ಮಾಡಿ, ಮಿಕ್ಕದ್ದನ್ನು ಊರಲ್ಲೇ ಹಾಕಿಸಿಕೊಳ್ಳಿ ಎಂದು ಕಳಿಸಿದರು. ಅಪ್ಪನನ್ನು ಇಲ್ಲೇ ನರಸೀಪುರದ ಅಕ್ಕನ ಮನೆಗೆ ತಂದೆವು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ‘ಬಿ.ಡಿ.’ ಎಂದಿತ್ತು, ಪಕ್ಕದಲ್ಲಿ 7. ನನಗೆ ಗೊತ್ತಿದ್ದದ್ದು ಸೇದುವ ಬೀಡಿ ಮಾತ್ರ! ದಿನಕ್ಕೆ ಎರಡು ಸಲ, ಏಳು ದಿನ ಎಂದು ಅದರ ಅರ್ಥ. ನಾವು ದಿನಕ್ಕೊಂದು ಹಾಕಿಸಿದೆವು. ನಾಲ್ಕನೇ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸಿಬಿಟ್ಟೆವು. ಹತ್ತು ದಿನದಲ್ಲಿ ನಂಜು ಮರಳಿತು. ಅಪ್ಪನ ಬೆರಳು ತೆಗೆಯಬೇಕಾಯಿತು.

ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು: ಅರೆಬರೆ ಔಷಧಿ ಕೊಟ್ಟರೆ ಸೂಕ್ಷ್ಮಾಣುಗಳು ಸಾಯುವುದಿಲ್ಲ, ಔಷಧಿಗೇ ಬಗ್ಗದಂತಾಗುತ್ತವೆ. ನಾವು ಮಾಡಿದ್ದು ಆ ಅರೆಬರೆ ಕೆಲಸವನ್ನೇ.

ಇಂಜೆಕ್ಷನ್ ಶತ್ರುವಲ್ಲ. ನ್ಯುಮೋನಿಯಾ, ಟೈಫಾಯ್ಡ್, ಮಿದುಳಿನ ಪೊರೆಯ ಸೋಂಕು, ರಕ್ತಕ್ಕೇರಿದ ನಂಜು, ಇವುಗಳಲ್ಲಿ ಇದು ಜೀವ ಉಳಿಸುತ್ತದೆ. ಆದರೆ ನೆಗಡಿಗೆ ಇದರಿಂದ ಏನೂ ಆಗದು. ನೆಗಡಿ ತರುವುದು ವೈರಸ್. “ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ” ಎಂದು ದುಂಬಾಲು ಬೀಳಬೇಡಿ.

ಗೆಳೆಯರೇ, ಇಷ್ಟನ್ನು ನೆನಪಿಡಿ. ಹಿಂದೆ ಪೆನಿಸಿಲಿನ್ ಅಥವಾ ಬೇರೆ ಯಾವುದೇ ಔಷಧಿ ಒಗ್ಗದಿದ್ದರೆ ಸೂಜಿ ಚುಚ್ಚುವ ಮೊದಲೇ ಹೇಳಿ. ಸೂಜಿ, ಸಿರಿಂಜು ಹೊಸದಾಗಿರಲಿ. ಸೊಂಟಕ್ಕೆ ಚುಚ್ಚುವಾಗ ನೋವಾಗದಿರಲೆಂದು ಈ ಪುಡಿಯನ್ನು ಲಿಗ್ನೋಕೇನಿನಲ್ಲಿ ಕಲಸುವುದುಂಟು. ಹಾಗೆ ಕಲಸಿದ್ದು ರಕ್ತನಾಳಕ್ಕೆ ಹೋಗಲೇಕೂಡದು. ಕ್ಯಾಲ್ಸಿಯಂ ಇರುವ ಡ್ರಿಪ್ ಜೊತೆಗೂ ಬೆರೆಸಕೂಡದು. ಆದ್ದರಿಂದ ಬಲ್ಲವರ ಕೈಯಲ್ಲೇ, ಅಡ್ರಿನಲಿನ್ ಇಟ್ಟಿರುವ ಕಡೆಯೇ ಹಾಕಿಸಿ. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಮೈ ತುರಿಸಿದರೆ, ತುಟಿ ಊದಿದರೆ, ಉಸಿರು ಕಟ್ಟಿದರೆ ತಕ್ಷಣ ಕೂಗಿ. ನೀರಿನಂತೆ ಭೇದಿಯಾದರೆ ಡಾಕ್ಟರಿಗೆ ತಿಳಿಸಿ. ಎಷ್ಟು ದಿನ ಎಂದು ಅವರು ಹೇಳಿದ್ದಾರೋ ಅಷ್ಟು ದಿನ. ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಮುಂದುವರಿಸಲೂ ಬೇಡಿ.

ಕಾನೂನೂ ಇದೆ. 2014ರ ಮಾರ್ಚ್‌ನಿಂದ ಈ ಔಷಧಿ ‘ಎಚ್1’ ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಅಂಗಡಿಯವರು ಮಾರುವಂತಿಲ್ಲ. ಡಾಕ್ಟರ ಹೆಸರು, ರೋಗಿಯ ಹೆಸರು ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಆದರೆ ಪೆಟ್ಟಿಗೆಯ ಮೇಲಿನ ಎಚ್ಚರಿಕೆ ನಮ್ಮ ಅಕ್ಕನಿಗೆ ಓದಲು ಬರುತ್ತದೆಯೇ?

1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಕಟ್ಟಿದರು. ಅಲ್ಲಿನ ಹಲ್ಲುಪುಡಿಯ ಪೊಟ್ಟಣದ ಮೇಲೆ ಕನ್ನಡವಿದೆ. ಹಲ್ಲುಜ್ಜುವ ಪುಡಿಗೆ ಕನ್ನಡ ಉಂಟು, ಜೀವ ಉಳಿಸುವ ಪುಡಿಗೆ ಬೇಡವೇ?

ಬೆಂಗಳೂರು, ಮೈಸೂರಲ್ಲಿರುವ ಹುಡುಗ ಹುಡುಗಿಯರೇ, ಬರೀ ಬೋರ್ಡಿಗೆ ಮಸಿ ಬಳಿದರೆ ಸಾಲದು. ಆಸ್ಪತ್ರೆಯ ಕಿಟಕಿಯಲ್ಲಿ ನಿಂತು ಕೇಳಿ: “ಎಷ್ಟು ಸಲ, ಎಷ್ಟು ದಿನ, ಕನ್ನಡದಲ್ಲಿ ಬರೆದುಕೊಡಿ.” ಊರಲ್ಲಿರುವ ಅಪ್ಪ ಅಮ್ಮನ ಚೀಟಿಯನ್ನು ಫೋಟೋ ತರಿಸಿಕೊಂಡು ಓದಿ, ತಿಳಿಯದಿದ್ದರೆ ಡಾಕ್ಟರನ್ನೇ ಕೇಳಿ ಹೇಳಿ. ಔಷಧಿಯ ಹೆಸರು, ಹೊತ್ತು, ದಿನ ತುಂಬುವ ಕನ್ನಡ ಚೀಟಿಯನ್ನು ನಾನು ಅಚ್ಚು ಹಾಕಿ ತಂದಿದ್ದೇನೆ. ಕಾಸು ಬೇಡ. ಹೋಗುವಾಗ ತೆಗೆದುಕೊಂಡು ಹೋಗಿ.