ದಾದಿಯ ಉನ್ನತ ವ್ಯಾಸಂಗವೂ ರೋಗಿಯ ಕ್ಷೇಮವೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕಾಸರಗೋಡಿನ ಕನ್ನಡ ಕುಟುಂಬಗಳಲ್ಲಿ ಮಗಳೋ ಸೊಸೆಯೋ ದಾದಿಯಾಗಿರುವುದು ಇಂದು ಅಪೂರ್ವವಾದ ಸಂಗತಿಯೇನಲ್ಲ. ಮಂಗಳೂರಿನ ಆಸ್ಪತ್ರೆಗಳಲ್ಲಿಯೂ ಕೊಲ್ಲಿಯ ರಾಷ್ಟ್ರಗಳಲ್ಲಿಯೂ ನಮ್ಮ ಹೆಣ್ಣುಮಕ್ಕಳು ದುಡಿಯುತ್ತಿದ್ದಾರೆ. ಅವರಲ್ಲೊಬ್ಬಳು ಮುಂದೆ ಓದುವೆನೆಂದರೆ, ‘ಬಿ.ಎಸ್‌ಸಿ. ಆಯಿತಲ್ಲ, ಕೆಲಸವೂ ಸಿಕ್ಕಿತಲ್ಲ, ರೋಗಿಯ ಆರೈಕೆಗೆ ಇನ್ನೆಂತಹ ಓದು?’ ಎಂದು ಮನೆಯ ಹಿರಿಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ತಕ್ಕ ಉತ್ತರವನ್ನು ಕೊಡುವುದೇ ಈ ಹೊತ್ತಿನ ನನ್ನ ಉದ್ದೇಶ.

ಅಮೆರಿಕದ ಹಲವು ವಿಶ್ವವಿದ್ಯಾನಿಲಯಗಳು ಪದವೀಧರ ದಾದಿಯರಿಗಾಗಿ ‘ಆರೋಗ್ಯಸೇವೆಯ ಗುಣಮಟ್ಟ ಮತ್ತು ಸುರಕ್ಷತೆ’ ಎಂಬ ವಿಷಯದಲ್ಲಿ ಉನ್ನತ ಪ್ರಮಾಣಪತ್ರದ ವ್ಯಾಸಂಗವನ್ನು ಏರ್ಪಡಿಸಿವೆ. ಇದು ಎಂ.ಎಸ್‌ಸಿ.ಯಷ್ಟು ದೀರ್ಘವಾದುದಲ್ಲ, ಸಾಮಾನ್ಯವಾಗಿ ಉದ್ಯೋಗವನ್ನು ಬಿಡದೆಯೇ ಮುಗಿಸಬಹುದು. ಹೊಸ ರೋಗಗಳ ಹೆಸರನ್ನಾಗಲಿ ಹೊಸ ಮದ್ದುಗಳ ಪಟ್ಟಿಯನ್ನಾಗಲಿ ಕಲಿಸುವುದು ಇದರ ಗುರಿಯಲ್ಲ. ಗುಣಪಡಿಸಲೆಂದು ಕಟ್ಟಿದ ಆಸ್ಪತ್ರೆಯಲ್ಲಿಯೇ ರೋಗಿಗೆ ಕೇಡು ಒದಗುವುದು ಹೇಗೆ, ಅದನ್ನು ಎಣಿಸುವುದು ಹೇಗೆ, ತಡೆಯುವುದು ಹೇಗೆ ಎಂಬುದೇ ಇಲ್ಲಿಯ ಪಾಠ.

ಇಂತಹ ಪಾಠದ ಅಗತ್ಯವನ್ನು ಲೋಕಕ್ಕೆ ಮನಗಾಣಿಸಿದುದು 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯು ಹೊರಡಿಸಿದ ಒಂದು ವರದಿ. ಚಿಕಿತ್ಸೆಯಲ್ಲಿ ತಡೆಯಬಹುದಾದ ತಪ್ಪುಗಳಿಂದಲೇ ಆ ದೇಶದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಾರೆಂದು ಅದು ಅಂದಾಜು ಮಾಡಿತು. ಲೆಕ್ಕದ ಬಗೆಗೆ ಪಂಡಿತರಲ್ಲಿ ವಿವಾದ ಎದ್ದಿತು. ಆದರೆ ವರದಿಯ ತಿರುಳು ಲೆಕ್ಕದಲ್ಲಿರಲಿಲ್ಲ. ಈ ತಪ್ಪುಗಳಲ್ಲಿ ಹೆಚ್ಚಿನವು ಕೆಟ್ಟ ಮನುಷ್ಯರಿಂದ ಆದುವಲ್ಲ, ಕೆಟ್ಟ ಏರ್ಪಾಡಿನಿಂದ ಆದುವು ಎಂದು ಅದು ಹೇಳಿತು.

ದಯೆ, ತಾಳ್ಮೆ, ಸೇವಾಭಾವ ಇವಿಷ್ಟಿದ್ದರೆ ಸಾಲದೇ ಎನ್ನುವವರು ಸ್ಕುಟಾರಿಯ ಕಥೆಯನ್ನು ಪೂರ್ತಿಯಾಗಿ ಕೇಳಬೇಕು. ಫ್ಲಾರೆನ್ಸ್ ನೈಟಿಂಗೇಲರು 1854ರ ನವೆಂಬರಿನಲ್ಲಿ ಆ ಸೇನಾ ಆಸ್ಪತ್ರೆಗೆ ಹೋದುದನ್ನೂ ರಾತ್ರಿ ದೀಪ ಹಿಡಿದು ಗಾಯಾಳುಗಳನ್ನು ವಿಚಾರಿಸಿಕೊಂಡುದನ್ನೂ ನಾವೆಲ್ಲ ಬಲ್ಲೆವು. ಆದರೆ ಆ ಮಹಾತಾಯಿಯ ಆರೈಕೆಯ ನಡುವೆಯೂ ಚಳಿಗಾಲದಲ್ಲಿ ಸಾವು ಏರುತ್ತಲೇ ಹೋಯಿತು. 1855ರ ಫೆಬ್ರವರಿಯಲ್ಲಿ ಅದು ನೂರಕ್ಕೆ ಸುಮಾರು 42ನ್ನು ಮುಟ್ಟಿತ್ತು. ಮಾರ್ಚಿನಲ್ಲಿ ನೈರ್ಮಲ್ಯ ಆಯೋಗದವರು ಬಂದು ಕಟ್ಟಡದಡಿಯ ಚರಂಡಿಗಳನ್ನು ತೊಳೆಯಿಸಿ ಗಾಳಿಯಾಡುವಂತೆ ಮಾಡಿದ ಮೇಲೆ, ಜೂನ್ ವೇಳೆಗೆ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಯುದ್ಧದಿಂದ ಮರಳಿದ ನೈಟಿಂಗೇಲರು ಸಾವಿನ ಲೆಕ್ಕಗಳನ್ನು ಕೂಡಿಸಿ, ಮಂತ್ರಿಗಳಿಗೂ ಅರ್ಥವಾಗುವಂತೆ ಬಣ್ಣದ ಚಿತ್ರಗಳಲ್ಲಿ ತೋರಿಸಿದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯೂ ಆದರು. ನಾವು ದೀಪವನ್ನು ನೆನಪಿಟ್ಟು ಲೆಕ್ಕದ ಪುಸ್ತಕವನ್ನು ಮರೆತೆವು.

ಒಂದು ಉದಾಹರಣೆಯಿಂದ ವಿಷಯ ಇನ್ನೂ ತಿಳಿಯಾದೀತು. ಪೊಟಾಸಿಯಂ ಕ್ಲೋರೈಡ್ ಎಂಬ ಲವಣವು ದೇಹಕ್ಕೆ ಬೇಕಾದುದೇ. ಆದರೆ ಅದರ ಗಾಢ ದ್ರಾವಣವನ್ನು ತೆಳುಗೊಳಿಸದೆ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಂತುಹೋಗುತ್ತದೆ. ಈ ದ್ರಾವಣದ ಕುಪ್ಪಿಯೂ ಚುಚ್ಚುಮದ್ದಿಗೆ ಬೆರೆಸುವ ನಿರಪಾಯವಾದ ನೀರಿನ ಕುಪ್ಪಿಯೂ ನೋಟಕ್ಕೆ ಒಂದೇ ಬಗೆಯಾಗಿದ್ದು, ಒಂದೇ ಕಪಾಟಿನಲ್ಲಿ ಮಗ್ಗುಲಲ್ಲಿವೆ ಎನ್ನೋಣ. ರಾತ್ರಿ ಪಾಳಿ, ಒಬ್ಬಳೇ ದಾದಿ, ಮೂವತ್ತು ರೋಗಿಗಳು, ಮಂದವಾದ ಬೆಳಕು. ಕೈ ತಪ್ಪಿ ಬೇರೆ ಕುಪ್ಪಿಗೆ ಹೋಯಿತು. ಹಳೆಯ ಪದ್ಧತಿಯಂತೆ ದಾದಿಯನ್ನು ವಜಾಮಾಡುತ್ತಾರೆ. ಕಪಾಟು ಮಾತ್ರ ಇದ್ದಂತೆಯೇ ಇರುತ್ತದೆ. ನಾಳೆ ಅದೇ ಕಪಾಟಿನ ಮುಂದೆ ಇನ್ನೊಬ್ಬಳು ನಿಲ್ಲುತ್ತಾಳೆ! ವ್ಯಾಸಂಗ ಮಾಡಿದವಳು ಕೇಳುವ ಪ್ರಶ್ನೆಯೇ ಬೇರೆ: ಪ್ರಾಣಾಪಾಯದ ಆ ಕುಪ್ಪಿ ವಾರ್ಡಿಗೆ ಬಂದುದಾದರೂ ಏಕೆ? 1998ರಲ್ಲಿ ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಮಂಡಲಿಯು ಹೊರಡಿಸಿದ ಮೊದಲ ಎಚ್ಚರಿಕೆಯ ಪತ್ರವೇ ಈ ಕುಪ್ಪಿಯ ಕುರಿತಾದುದು. ವಾರ್ಡಿನಿಂದ ಅದನ್ನು ತೆಗೆದು ಔಷಧ ಭಂಡಾರದಲ್ಲಿಡುವುದೇ ಅದು ಸೂಚಿಸಿದ ಪರಿಹಾರ.

ಕೈತಪ್ಪು ಸಂಭವಿಸುವುದರೊಳಗೆ ತಾನೇ ಕಂಡು ತಡೆದ ದಾದಿಯು ಅದನ್ನು ಮುಚ್ಚಿಡದೆ ಬರೆದಿಡಬೇಕೆಂಬುದೂ ಈ ವ್ಯಾಸಂಗದ ಬಹುಮುಖ್ಯ ಪಾಠ. ಬರೆದವಳಿಗೆ ಶಿಕ್ಷೆಯಾಗುವ ಆಸ್ಪತ್ರೆಯಲ್ಲಿ ಯಾರೂ ಬರೆಯುವುದಿಲ್ಲ. ಅಲ್ಲಿಯ ದಾಖಲೆಗಳು ಸ್ವಚ್ಛವಾಗಿರುತ್ತವೆ. ರೋಗಿಗಳ ಗತಿ ದೇವರೇ ಬಲ್ಲ.

ದಾದಿಯ ಮಾತಿಗೆ ಅಧಿಕಾರ ದೊರೆತರೆ ಏನಾಗುವುದೆಂಬುದಕ್ಕೆ ಮಿಷಿಗನ್ ಪ್ರಾಂತದ ನಿದರ್ಶನವಿದೆ. ಹೃದಯದ ಸಮೀಪದ ದೊಡ್ಡ ರಕ್ತನಾಳಕ್ಕೆ ಇಳಿಸುವ ಸಪುರ ನಳಿಕೆಯ ಮೂಲಕ ತೀವ್ರ ನಿಗಾ ಘಟಕದ ರೋಗಿಗಳಿಗೆ ಸೋಂಕು ತಗಲುವುದುಂಟು. ಡಾಕ್ಟರ್ ಪೀಟರ್ ಪ್ರೊನೊವೊಸ್ಟ್ ಎಂಬವರು ಐದೇ ಐದು ಕ್ರಮಗಳನ್ನು ಪಟ್ಟಿಮಾಡಿದರು. ಕೈ ತೊಳೆಯುವುದು ಅವುಗಳಲ್ಲೊಂದು. ವೈದ್ಯನು ಯಾವುದಾದರೂ ಕ್ರಮವನ್ನು ಬಿಟ್ಟರೆ, ತುರ್ತಿಲ್ಲದ ಸಂದರ್ಭದಲ್ಲಿ, ‘ನಿಲ್ಲಿಸಿ’ ಎನ್ನುವ ಅಧಿಕಾರವನ್ನು ದಾದಿಗೆ ಕೊಡಲಾಯಿತು. ನೂರಕ್ಕೂ ಮಿಕ್ಕ ಘಟಕಗಳ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ನಳಿಕೆಯಿದ್ದ ಪ್ರತಿ 1,000 ದಿನಗಳಿಗೆ 2.7 ಇದ್ದ ಸೋಂಕಿನ ನಡುಮಟ್ಟದ ದರವು ಮೂರು ತಿಂಗಳಲ್ಲಿ ಸೊನ್ನೆಗಿಳಿದು, ಹದಿನೆಂಟು ತಿಂಗಳವರೆಗೂ ಹಾಗೆಯೇ ನಿಂತಿತ್ತು. ಹೊಸ ಮದ್ದು ಬರಲಿಲ್ಲ, ಹೊಸ ಯಂತ್ರ ಬರಲಿಲ್ಲ.

ದೊಡ್ಡ ವೈದ್ಯರನ್ನು ‘ನಿಲ್ಲಿಸಿ’ ಎನ್ನುವುದು ಸುಲಭದ ಮಾತಲ್ಲ. ಹಿರಿಯರ ಮುಂದೆ ತಗ್ಗಿ ನಡೆಯೆಂದು ಕಲಿಸಿ ಬೆಳೆಸಿದ ನಮ್ಮ ಹುಡುಗಿಯರಿಗಂತೂ ಕಷ್ಟವೇ ಸರಿ. ವಿನಯವನ್ನು ಬಿಡದೆ, ಆದರೆ ಮಾತನ್ನೂ ನುಂಗದೆ ಹೇಳುವ ರೀತಿಯನ್ನು ಅಭ್ಯಾಸದಿಂದಲೇ ಕಲಿಯಬೇಕು. 2005ರಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದಲ್ಲಿ ಲಿಂಡಾ ಕ್ರೊನೆನ್‌ವೆಟ್ ಅವರ ಮುಂದಾಳುತನದಲ್ಲಿ ದಾದಿಯರ ಶಿಕ್ಷಣಕ್ಕೆ ಆರು ಸಾಮರ್ಥ್ಯಗಳನ್ನು ಗೊತ್ತುಮಾಡುವ ಯೋಜನೆ ಆರಂಭವಾದಾಗ, ಸುರಕ್ಷತೆಯೊಡನೆ ಕೂಡಿ ದುಡಿಯುವ ಕಲೆಯನ್ನೂ ಅವುಗಳಲ್ಲಿ ಸೇರಿಸಿದರು.

ನಮ್ಮ ದೇಶದಲ್ಲಿಯೂ ಆಸ್ಪತ್ರೆಗಳ ಮಾನ್ಯತೆಗಾಗಿ 2005ರಲ್ಲಿ ರಾಷ್ಟ್ರೀಯ ಮಂಡಲಿಯೊಂದು ಸ್ಥಾಪಿತವಾಯಿತು. ಮಾನ್ಯತೆ ಬಯಸುವ ಆಸ್ಪತ್ರೆಯು ಸೋಂಕು, ಔಷಧದ ತಪ್ಪು, ರೋಗಿ ಜಾರಿಬಿದ್ದುದು ಮುಂತಾದವುಗಳ ಲೆಕ್ಕವಿಡಬೇಕು. ಆ ಲೆಕ್ಕವನ್ನು ಬರೆಯುವ ಕೈ ಬಹುಮಟ್ಟಿಗೆ ದಾದಿಯದೇ. ಬರೆದುದನ್ನು ಓದಿ ಅರ್ಥಮಾಡುವ ಕೆಲಸವನ್ನೂ ಅವಳೇ ಏಕೆ ಮಾಡಬಾರದು?

ಕನ್ನಡ ಶಾಲೆಯಲ್ಲಿ ಓದಿದವಳಿಗೆ ಇದೆಲ್ಲ ನಿಲುಕೀತೇ ಎಂಬ ಅಳುಕು ಬೇಡ. ಇಂಗ್ಲಿಷ್ ಪುಸ್ತಕಗಳು ಮೊದಲಿಗೆ ತೊಡಕೆನಿಸುವುದು ನಿಜ. ಆದರೆ ಕನ್ನಡ, ತುಳು, ಮಲಯಾಳಗಳನ್ನು ಬಾಲ್ಯದಿಂದಲೇ ಬಲ್ಲವಳು, ಊಟದ ಮೊದಲು ಯಾವ ಮಾತ್ರೆ, ಆಮೇಲೆ ಯಾವುದು ಎಂಬುದನ್ನು ಅಜ್ಜಿಗೆ ಅವರದೇ ನುಡಿಯಲ್ಲಿ ತಿಳಿಸಿ, ಅವರ ಬಾಯಿಂದಲೇ ಮರಳಿ ಹೇಳಿಸಬಲ್ಲಳು. ಹೀಗೆ ಮರಳಿ ಹೇಳಿಸುವುದನ್ನು ಆ ವ್ಯಾಸಂಗದಲ್ಲಿಯೂ ಕಲಿಸುತ್ತಾರೆ.

ಕೊನೆಯದಾಗಿ, ಆಸ್ಪತ್ರೆಗೆ ಹೋಗಬೇಕಾಗಿ ಬರುವ ನಮಗೆಲ್ಲರಿಗೂ ಸಂಬಂಧಿಸಿದ ಒಂದು ಮಾತು. ಮದ್ದು ಕೊಡುವ ಮುನ್ನ ದಾದಿಯು ದಿನಕ್ಕೆ ಹತ್ತು ಸಲ ಹೆಸರು ಕೇಳಿದರೆ, ‘ಬೆಳಿಗ್ಗೆಯೇ ಹೇಳಿದೆನಲ್ಲ’ ಎಂದು ಮುನಿಯುವವರಿದ್ದಾರೆ. ನಮ್ಮ ಸೀಮೆಯ ಒಂದು ವಾರ್ಡಿನಲ್ಲಿ ಮೂವರು ನಾರಾಯಣ ಭಟ್ಟರೂ ಇಬ್ಬರು ಅಬ್ದುಲ್ಲರೂ ಒಟ್ಟಿಗೆ ಮಲಗಿರುವುದು ಅಸಂಭವವೇನಲ್ಲ. ಹಾಸಿಗೆಯ ಸಂಖ್ಯೆಯೋ ದಿನದಿನಕ್ಕೆ ಬದಲಾಗುತ್ತದೆ. ಆದುದರಿಂದ ಅವಳು ಕೇಳಿದಷ್ಟು ಸಲವೂ ಪೂರ್ತಿ ಹೆಸರನ್ನೂ ಹುಟ್ಟಿದ ತಾರೀಕನ್ನೂ ದಯವಿಟ್ಟು ಹೇಳಿರಿ. ಕೇಳದಿದ್ದರೆ ನೀವೇ ಮುಂದಾಗಿ ಹೇಳಿರಿ.