ಆರಿಸದವರ ಪರವಾಗಿ ಆರಿಸುವುದು

ವ್ಯಾಪಾರದ ಲೆಕ್ಕದಲ್ಲಿ ಮೊದಲು ದಿನವಹಿ, ಆಮೇಲೆ ಖಾತೆ. ಹೋಳೂರಿನ ರೈತ ಕೋಲಾರದ ಟೊಮ್ಯಾಟೊ ಮಂಡಿಗೆ ತಂದ ಮಾಲಿನ ಲೆಕ್ಕ ಕಂಪ್ಯೂಟರಿಗೆ ಸೇರಿದರೂ ಈ ಕ್ರಮ ತಪ್ಪದು. ಡಿಸ್ಕಿನಲ್ಲಿ ಯಾವ ಕಡತ ಎಲ್ಲಿದೆಯೆಂದು ನೋಡಿಕೊಳ್ಳುವ ಏರ್ಪಾಡಿಗೆ ಫೈಲ್ ಸಿಸ್ಟಂ ಎಂದು ಹೆಸರು.

ಲಿನಕ್ಸಿನಲ್ಲಿ ಇಂಥವು ಹಲವು ಉಂಟು. 2008ರಲ್ಲಿ ಬಳಕೆಗೆ ಸಿದ್ಧವಾದ ಇಎಕ್ಸ್‌ಟಿ4, ಕಡತಗಳ ಏರ್ಪಾಡಿನಲ್ಲಿ ಆಗಬೇಕಾದ ಬದಲಾವಣೆಯನ್ನು ಮೊದಲು ದಿನವಹಿಯಲ್ಲಿ ಗುರುತಿಸುತ್ತದೆ. ನಡುವೆ ಕರೆಂಟು ಹೋದರೆ ಅದನ್ನು ನೋಡಿ ಸರಿಪಡಿಸಿಕೊಳ್ಳುತ್ತದೆ. ಬಿಟಿಆರ್‌ಎಫ್‌ಎಸ್ ಹಳೆಯ ಬರಹದ ಮೇಲೆ ತಿದ್ದದೆ ಹೊಸದನ್ನು ಬೇರೆಡೆ ಬರೆಯುತ್ತದೆ. ಓದುವಾಗ ತಾಳೆ ನೋಡಿ, ಕೆಟ್ಟಿದ್ದರೆ ಹೇಳುತ್ತದೆ. ಆದರೆ ಪದೇ ಪದೇ ತಿದ್ದುವ ದೊಡ್ಡ ಕಡತ ಅದರಲ್ಲಿ ಚೂರುಚೂರಾಗಿ ಹರಡಿ ನಿಧಾನವಾದೀತು. ರೆಡ್ ಹ್ಯಾಟ್ 2014ರಲ್ಲಿ ಎಕ್ಸ್‌ಎಫ್‌ಎಸ್ ಅನ್ನೂ, ಫೆಡೋರಾ 2020ರಲ್ಲಿ ಮೇಜಿನ ಕಂಪ್ಯೂಟರುಗಳಿಗೆ ಬಿಟಿಆರ್‌ಎಫ್‌ಎಸ್ ಅನ್ನೂ ಆರಿಸಿದವು.

ಈ ಆಯ್ಕೆ ಬಲ್ಲವರಿಗಾಗಿ ಅಲ್ಲ. ಅವರು ಬೇಕಾದುದಕ್ಕೆ ಬದಲಾಯಿಸಿಕೊಂಡಾರು. ಇಂಥದೊಂದು ಇದೆಯೆಂದೇ ಅರಿಯದ ಗುಮಾಸ್ತನಿಗಾಗಿ, ಅವನ ಲೆಕ್ಕವನ್ನೇ ನಂಬಿ ಹಣ ಪಡೆಯುವ ರೈತನಿಗಾಗಿ. ಆದ್ದರಿಂದ ವೇಗಕ್ಕಿಂತ ಲೆಕ್ಕ ಉಳಿಯುವುದೇ ಮೇಲು. ಯಾವುದನ್ನು ಆರಿಸಿದರೂ ಸರಿ, ಡಿಸ್ಕೇ ಕೆಟ್ಟುಹೋದರೆ ಕಾಯುವುದು ಇನ್ನೊಂದೆಡೆ ಇಟ್ಟ ಪ್ರತಿಯೊಂದೇ. ನಿಮ್ಮ ಮನೆಯ ಪತ್ರಗಳಿಗೆ ಅಂಥ ಪ್ರತಿ ಉಂಟೇ?